ಪೇಸ್‌ಮೇಕರ್ ವೈರಿನ ಸ್ಟೀರಾಯ್ಡ್‌ನಿಂದ ಶುಗರ್ ಏರುತ್ತಾ?

ಮಂಡ್ಯದಲ್ಲಿರುವ ನಿಮ್ಮ ತಂದೆಗೆ ಶುಗರ್ ಇದೆ, ಅವರಿಗೆ ಹಾಕುವ ಪೇಸ್‌ಮೇಕರ್‌ನಿಂದ (ಹೃದಯ ಬಡಿತ ಸರಿಯಾಗಿಡುವ ಸಾಧನ) ಹೃದಯಕ್ಕೆ ಹೋಗುವ ವೈರಿನಲ್ಲಿ ಸ್ಟೀರಾಯ್ಡ್ ಇದೆಯಂತೆ, ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ. ಹೆದರಬೇಡಿ. ವೈರಿನ ತುದಿಯಲ್ಲಿರುವುದು ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಅದು ಹೆಚ್ಚೆಂದರೆ 1 ಮಿಲಿಗ್ರಾಂ ಆಸುಪಾಸು, ಅದೂ ನಿಧಾನವಾಗಿ ಅಲ್ಲೇ ಒಸರುತ್ತದೆ, ಮಾತ್ರೆ ನುಂಗಿದ ಹಾಗೆ ಮೈಯೆಲ್ಲ ಹರಡಿ ಶುಗರ್ ಏರಿಸುವಷ್ಟು ಇರುವುದಿಲ್ಲ.

ತುದಿ ತಾಗಿದ ಕಡೆ ಹೃದಯದ ಮಾಂಸ ಊದಿಕೊಂಡು, ಆಮೇಲೆ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಆಗ ಬಡಿತ ಎಬ್ಬಿಸಲು ಜಾಸ್ತಿ ಕರೆಂಟ್ ಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ. ಈ ಊತ ತಗ್ಗಿಸಲು 1980ರ ದಶಕದಿಂದ ಸ್ಟೀರಾಯ್ಡ್ ಇರುವ ಈ ವೈರು ಬಳಕೆಯಲ್ಲಿದೆ.

ಮೈಸೂರಿನಲ್ಲಿ ನಮ್ಮಮ್ಮನ ಪೇಸ್‌ಮೇಕರ್ ಚೆಕಪ್ ನೋಡಿದ್ದೇನೆ. ಎದೆ ಮೇಲೆ ಅಂಗೈಯಷ್ಟು ಸಾಧನ ಇಟ್ಟು ವೋಲ್ಟ್ ಇಳಿಸುತ್ತಾ ಹೋಗುತ್ತಾರೆ, ಬಡಿತ ತಪ್ಪಿದ ತಕ್ಷಣ ಮತ್ತೆ ಏರಿಸುತ್ತಾರೆ. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬಡಿತ ಎಬ್ಬಿಸಲು ಕನಿಷ್ಠ ಎಷ್ಟು ವೋಲ್ಟ್ ಬೇಕಾಯಿತು ಅಂತ ಪ್ರತಿ ಸಲ ಕೇಳಿ ಬರೆದಿಟ್ಟುಕೊಳ್ಳಿ.

ನನಗೆ ನಿಜವಾದ ಚಿಂತೆ ಪೇಸ್‌ಮೇಕರ್ ಹಾಕಿದ ಜಾಗದ ಹೊಲಿಗೆಯದು. ಶುಗರ್ ಇದ್ದವರಿಗೆ ಸೋಂಕು ತಗಲುವ ಭಯ ಜಾಸ್ತಿ, ಅಲ್ವಾ? ಕೆಂಪಾದರೆ, ಕೀವು ಅಥವಾ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ಟೀರಾಯ್ಡ್ ಔಷಧಿಗೆ ಹಿಂದೆ ಅಲರ್ಜಿ ಆಗಿದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿಬಿಡಿ.