ಸಂಪಾದಕರ ಉತ್ತರ: ನಿದ್ರೆ ಮಾತ್ರೆಯಲ್ಲಿ ಮದ್ದು ಎಷ್ಟು, ಉಳಿದದ್ದು ಏನು?

ಕುಂದಾಪುರದ ಓದುಗರೊಬ್ಬರ ಪತ್ರ ಇದು: "ಅಮ್ಮನಿಗೆ ಡಾಕ್ಟರು ನಿದ್ರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಕಳೆದ ಸಲ ಮೆಡಿಕಲ್‌ನವರು ಬೇರೆ ಕಂಪನಿಯದ್ದು ಕೊಟ್ಟರು. ಮದ್ದು ಅದೇ, ಪ್ರಮಾಣವೂ ಅದೇ. ಆದರೆ ಇದರಲ್ಲಿ ನಿದ್ರೆ ಬರುವುದಿಲ್ಲ ಅಂತ ಅಮ್ಮನ ತಕರಾರು. ಸ್ಟ್ರಿಪ್ ತಿರುಗಿಸಿದರೆ 'ಎಕ್ಸಿಪಿಯೆಂಟ್ಸ್ ಕ್ಯೂ.ಎಸ್.' ಅಂತ ಮಾತ್ರ ಇದೆ. ಬಿ.ಫಾರ್ಮ ಮುಗಿಸಿದ ಮಗ ಈಗ ಅದನ್ನೇ ಹಿಡಿದುಕೊಂಡಿದ್ದಾನೆ. ಗೇರು ಮರದ ಅಂಟಿನಿಂದ ಮಾತ್ರೆಯ ಬೈಂಡರ್ ಮಾಡಿ ನಿದ್ರೆ ಮಾತ್ರೆ ಕಂಪನಿಗಳಿಗೆ ಮಾರುತ್ತಾನಂತೆ. ಸಾಲ ಮಾಡಿಕೊಡಿ ಎನ್ನುತ್ತಾನೆ. ಇದರಲ್ಲಿ ದುಡ್ಡು ಉಂಟಾ?"

ದುಡ್ಡು ಉಂಟು. ಆದರೆ ನಿಮ್ಮ ಮಗ ಹುಡುಕುತ್ತಿರುವ ಜಾಗದಲ್ಲಿ ಇಲ್ಲ ಅಂತ ನನಗೆ ಅನಿಸುತ್ತದೆ.

ಮೊದಲು ಸ್ಟ್ರಿಪ್‌ನ ವಿಷಯ. ಎಕ್ಸಿಪಿಯೆಂಟ್ ಅಂದರೆ ಮಾತ್ರೆಯಲ್ಲಿ ಮದ್ದು ಬಿಟ್ಟು ಉಳಿದ ವಸ್ತುಗಳು. ಅಡುಗೆ ಪುಸ್ತಕದಲ್ಲಿ "ಉಪ್ಪು ರುಚಿಗೆ ತಕ್ಕಷ್ಟು" ಅಂತ ಬರೆಯುತ್ತಾರಲ್ಲ, ಕ್ಯೂ.ಎಸ್. ಅಂದರೆ ಅದೇ. ಏನು ಹಾಕಿದ್ದಾರೆ, ಎಷ್ಟು ಹಾಕಿದ್ದಾರೆ ಎನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಬಣ್ಣ ಹಾಕಿದ್ದರೆ ಅದರ ಹೆಸರನ್ನು ನಮ್ಮ ಔಷಧ ನಿಯಮದ ಪ್ರಕಾರ ಮುದ್ರಿಸಲೇಬೇಕು.

ನಿದ್ರೆಗೂ ಬರೆದುಕೊಡುವ ಅಲ್ಪ್ರಜೋಲಾಂ 0.25 ಮಿಲಿಗ್ರಾಂ ಮಾತ್ರೆಯನ್ನೇ ನೋಡಿ. ಇಡೀ ಮಾತ್ರೆಯ ತೂಕ 100 ಮಿಲಿಗ್ರಾಂ ಅಂತ ಇಟ್ಟುಕೊಂಡರೆ ಮದ್ದು ನಾನೂರರಲ್ಲಿ ಒಂದು ಪಾಲು. ಅಷ್ಟನ್ನೇ ಕೊಟ್ಟರೆ ಬೆರಳಿಗೆ ಸಿಗುವುದಿಲ್ಲ. ಹಾಗಾಗಿ ಗಾತ್ರಕ್ಕೆ ಲಾಕ್ಟೋಸ್ ಅಥವಾ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಹಾಕುತ್ತಾರೆ. ಮುದ್ದೆಯಾಗಿ ಹಿಡಿದುಕೊಳ್ಳಲು ಬೈಂಡರ್ ಬೇಕು. ಯಂತ್ರಕ್ಕೆ ಅಂಟದಿರಲು ಮ್ಯಾಗ್ನೀಸಿಯಂ ಸ್ಟಿಯರೇಟ್, ಹೊಟ್ಟೆಗೆ ಹೋದ ಮೇಲೆ ಬೇಗ ಒಡೆಯಲು ಕ್ರಾಸ್‌ಕಾರ್ಮೆಲೋಸ್. ಇವನ್ನೆಲ್ಲ ಒಟ್ಟಾಗಿ 'ನಿಷ್ಕ್ರಿಯ' ಅಂತ ಕರೆಯುತ್ತಾರೆ.

ನಿಷ್ಕ್ರಿಯ ಎನ್ನುವುದನ್ನು ಪೂರ್ತಿ ನಂಬಬೇಡಿ. 1968ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಏನಾಯಿತು ನೋಡಿ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಕ್ಯಾಪ್ಸೂಲ್‌ನಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ತೆಗೆದು ಲಾಕ್ಟೋಸ್ ತುಂಬಿದರು. ಮದ್ದು ಒಂದು ಚೂರೂ ಬದಲಾಗಿರಲಿಲ್ಲ. ಆದರೂ ರೋಗಿಗಳು ತೂರಾಡಲು ಶುರುಮಾಡಿದರು. ರಕ್ತ ಪರೀಕ್ಷೆ ಮಾಡಿದಾಗ ಮದ್ದಿನ ಪ್ರಮಾಣ ಜಾಸ್ತಿಯಾಗಿತ್ತು. ಅಷ್ಟು ದಿನ ಕ್ಯಾಲ್ಸಿಯಂ ಸಲ್ಫೇಟ್ ಸ್ವಲ್ಪ ಮದ್ದನ್ನು ಒಳಗೆ ಹೋಗದಂತೆ ತಡೆದಿತ್ತು. ಅದು ಹೋದ ಕೂಡಲೇ ಹಳೆಯ ಡೋಸೇ ವಿಷದಂತಾಯಿತು.

ಹಾಗಾಗಿ ಅಮ್ಮನ ಮಾತನ್ನು ನಕ್ಕು ತಳ್ಳಬೇಡಿ. ಇನ್ನೊಂದು ಸಾಧ್ಯತೆಯೂ ಉಂಟು. 1972ರಲ್ಲಿ ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಮದ್ದೇ ಇಲ್ಲದ ಗುಲಾಬಿ ಮತ್ತು ನೀಲಿ ಕ್ಯಾಪ್ಸೂಲ್ ಕೊಟ್ಟು ನೋಡಿದ್ದರು. ನೀಲಿ ನುಂಗಿದವರಲ್ಲಿ ತೂಕಡಿಕೆ ಜಾಸ್ತಿ ಕಂಡಿತು! ಅಮ್ಮನ ಹಳೆ ಮಾತ್ರೆಯ ಬಣ್ಣ ಯಾವುದು ಅಂತ ಕೇಳಿ ನೋಡಿ. ಕಾರಣ ಯಾವುದೇ ಇರಲಿ, ಎರಡೂ ಸ್ಟ್ರಿಪ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ನಿದ್ರೆ ಬರಲಿಲ್ಲ ಅಂತ ಇನ್ನೊಂದು ಮಾತ್ರೆ ನುಂಗಿಸುವುದು ಬೇಡ. ಅಲ್ಪ್ರಜೋಲಾಂ, ಇನ್ನೊಂದು ನಿದ್ರೆ ಮದ್ದು ಜೋಲ್ಪಿಡೆಮ್, ಎರಡೂ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮೆಡಿಕಲ್‌ನವರು ಕೊಡುವಂತಿಲ್ಲ, ಕೊಟ್ಟದ್ದನ್ನು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಹಾಗೆಯೇ, ಹೆಸರಿನ ಕೊನೆಯಲ್ಲಿ ಸಿಆರ್ ಅಂತ ಇದ್ದರೆ ಅಂಥ ಮಾತ್ರೆಯನ್ನು ಪುಡಿ ಮಾಡಿ ಗಂಜಿಗೆ ಬೆರೆಸಬೇಡಿ. ನಮ್ಮ ಕಡೆ ವಯಸ್ಸಾದವರಿಗೆ ಹೀಗೆ ಕೊಡುವ ಅಭ್ಯಾಸ ಜಾಸ್ತಿ. ರಾತ್ರಿಯಿಡೀ ನಿಧಾನವಾಗಿ ಬಿಡಬೇಕಾದ ಮದ್ದು ಒಂದೇ ಸಲ ಒಳಗೆ ಹೋಗುತ್ತದೆ.

ಇನ್ನು ವ್ಯಾಪಾರ. ನಿಧಾನವಾಗಿ ಬಿಡುವ ಆ ಕೆಲಸ ಮದ್ದಿನದ್ದಲ್ಲ, ಉಳಿದ ವಸ್ತುಗಳದ್ದು. ಜೋಲ್ಪಿಡೆಮ್ ಮೇಲೆ ಕಂಪನಿಗಿದ್ದ ಏಕಸ್ವಾಮ್ಯ ಅಮೆರಿಕದಲ್ಲಿ 2007ರಲ್ಲಿ ಮುಗಿಯಿತು. ಅದಕ್ಕೆ ಎರಡು ವರ್ಷ ಮೊದಲೇ, 2005ರಲ್ಲಿ, ಅದೇ ಮದ್ದಿನ ಆಂಬಿಯೆನ್ ಸಿಆರ್ ಬಂದಿತ್ತು. ಎರಡು ಪದರದ ಮಾತ್ರೆ ಅದು. ಒಂದು ಪದರ ಕೂಡಲೇ ಕರಗುತ್ತದೆ, ಇನ್ನೊಂದು ನಿಧಾನಕ್ಕೆ. 2011ರಲ್ಲಿ ಇಂಟರ್‌ಮೆಝೊಗೆ ಒಪ್ಪಿಗೆ ಸಿಕ್ಕಿತು. ಇದೂ ಜೋಲ್ಪಿಡೆಮ್ಮೇ, ನಡುರಾತ್ರಿ ಎಚ್ಚರವಾದವರು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಅದರಲ್ಲಿ ಸೋಡಿಯಂ ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟ್ ಸೇರಿಸಿದ್ದರು. ಅವು ಎಂಜಲಿನ ಆಮ್ಲ ಗುಣ ಇಳಿಸುತ್ತವೆ, ಮದ್ದು ಬಾಯಿಯಿಂದಲೇ ಬೇಗ ರಕ್ತಕ್ಕೆ ಸೇರುತ್ತದೆ. ನೋಡಿ, ಅಡುಗೆ ಸೋಡಾ ಹಾಕಿ ಹಳೆ ಮದ್ದನ್ನು ಹೊಸ ಸರಕು ಮಾಡಿದರು! ದೊಡ್ಡ ದುಡ್ಡು ಇರುವುದು ಇಂಥ ಕಡೆ. ಆದರೆ ಅದಕ್ಕೆ ವರ್ಷಗಟ್ಟಲೆ ರೋಗಿಗಳ ಮೇಲೆ ಪರೀಕ್ಷೆ ನಡೆಸಬೇಕು, ಕೋಟಿಗಟ್ಟಲೆ ಬಂಡವಾಳ ಬೇಕು. ನಮ್ಮ ಪೇಟೆಂಟ್ ಕಾಯ್ದೆಯ 3(ಇ) ಕಲಮು ಬರೀ ಬೆರಕೆಗೆ ಪೇಟೆಂಟ್ ಕೊಡುವುದೂ ಇಲ್ಲ.

ನಿಮ್ಮ ಮಗನ ಲೆಕ್ಕ ಬೇರೆ, ಅವನು ಅಂಟು ಮಾರಬೇಕು. ಒಂದು ಸಣ್ಣ ಲೆಕ್ಕ ಹಾಕೋಣ. 100 ಮಿಲಿಗ್ರಾಂ ಮಾತ್ರೆಯಲ್ಲಿ ನೂರಕ್ಕೆ ಐದು ಪಾಲು ಬೈಂಡರ್ ಇದ್ದರೆ ಒಂದು ಮಾತ್ರೆಗೆ 5 ಮಿಲಿಗ್ರಾಂ. ಅಂದರೆ ಒಂದು ಕಿಲೋ ಅಂಟಿನಲ್ಲಿ ಎರಡು ಲಕ್ಷ ಮಾತ್ರೆ! ಪುಟ್ಟ ನಿದ್ರೆ ಮಾತ್ರೆಗಳನ್ನು ನಂಬಿ ಕೂತರೆ ಮೂಟೆ ಯಾವಾಗ ಖಾಲಿಯಾಗಬೇಕು ಮಾರಾಯ್ರೆ? 500, 650 ಮಿಲಿಗ್ರಾಂನ ಜ್ವರದ ಮಾತ್ರೆಯಾದರೆ ಸ್ವಲ್ಪ ಅರ್ಥ ಉಂಟು.

ಕಂಪನಿಗಳು ಹೊಸ ಅಂಟಿಗೆ ಕೈ ಹಾಕಲು ಹೆದರುತ್ತವೆ. ಅದು ಸುಮ್ನೆ ಹಠ ಅಲ್ಲ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಮದ್ದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದರು. ನೂರಕ್ಕಿಂತ ಹೆಚ್ಚು ಜನ ಸತ್ತರು. ಕೊಂದದ್ದು ಮದ್ದಲ್ಲ, ಅದನ್ನು ಕರಗಿಸಿದ ದ್ರವ. ಆಮೇಲೆ ಕಾನೂನೇ ಬದಲಾಯಿತು. ಅಕೇಶಿಯಾ ಅಂಟಿಗೆ ಫಾರ್ಮಕೋಪಿಯಾಗಳಲ್ಲಿ (ಔಷಧ ಗುಣಮಟ್ಟದ ಅಧಿಕೃತ ಪುಸ್ತಕಗಳಲ್ಲಿ) ಅಳತೆಗೋಲು ಉಂಟು. ಗೇರಂಟಿನ ಬೆನ್ನಿಗೆ ಇರುವುದು ಹೆಚ್ಚಾಗಿ ಸಂಶೋಧನಾ ಲೇಖನಗಳು. ಅವು ಬೈಂಡರ್ ಆಗಬಹುದು ಎನ್ನುತ್ತವೆ, ನಿಜ. ಆದರೆ ಖರೀದಿ ಮಾಡುವವರು ಕೇಳುವ ಪ್ರಶ್ನೆಯೇ ಬೇರೆ: ಈ ತಿಂಗಳ ಅಂಟು, ಮುಂದಿನ ವರ್ಷದ ಅಂಟು ಒಂದೇ ತರ ಇರುತ್ತದಾ? ಮರದಿಂದ ಒಸರುವ ಅಂಟು ಮರಕ್ಕೊಂದು, ಋತುವಿಗೊಂದು ತರ. ನಮ್ಮ ಮಳೆಗಾಲದಲ್ಲಿ ಒಣಗಿಸುವುದೂ ಕಷ್ಟ, ಬೂಷ್ಟು ತಪ್ಪಿಸುವುದೂ ಕಷ್ಟ.

"ಗೇರಿನ ಅಂಶ ಇರುವ ನೈಸರ್ಗಿಕ ನಿದ್ರೆ ಮಾತ್ರೆ" ಅಂತ ಮಾರುವ ಯೋಚನೆ ಏನಾದರೂ ಇದ್ದರೆ ಈಗಲೇ ಬಿಡಿಸಿ. ಅಂಟಿನಿಂದ ನಿದ್ರೆ ಬರುವುದಿಲ್ಲ. ಅಮೆರಿಕದಲ್ಲಿ ನಿದ್ರೆಗೆಂದು ಮಾರುವ ಮೆಲಟೋನಿನ್ ಗಮ್ಮಿಗಳ (ಜಗಿಯುವ ಮಿಠಾಯಿಯಂಥವು) ಕಥೆ ಏನಾಯಿತು ನೋಡಿ. 2023ರಲ್ಲಿ 25 ಬಗೆಯವನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ ಹೇಳಿದ್ದಕ್ಕೂ ಒಳಗಿದ್ದ ಪ್ರಮಾಣಕ್ಕೂ ತಾಳೆಯಾಗಲಿಲ್ಲ. ಕೆಲವದರಲ್ಲಿ ವಿಪರೀತ ಜಾಸ್ತಿ, ಒಂದರಲ್ಲಿ ಮೆಲಟೋನಿನ್ನೇ ಇಲ್ಲ.

ಮಗನಿಗೆ ಕೆಲಸ ಇಲ್ಲ ಅಂತಲ್ಲ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಉಂಟು, ಮೊದಲು ಅಲ್ಲಿಗೆ ಹೋಗಲಿ. ಪುಸ್ತಕ ಬೈಂಡಿಂಗ್‌ಗೆ ಗೇರಂಟು ಹಿಂದಿನಿಂದ ಬಳಕೆಯಲ್ಲಿದೆ. ಅಂಥ ಕಡೆ ಶುರು ಮಾಡಿದರೆ ಫಾರ್ಮಾ ದರ್ಜೆಯ ಕಾಗದಪತ್ರದ ಕಾಟ ಇರುವುದಿಲ್ಲ. ಜೊತೆಗೆ ಅದೇ ಮರಗಳ ಅಂಟನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ತೆಗೆದು ಲ್ಯಾಬ್‌ಗೆ ಕೊಡಲಿ. ಸ್ನಿಗ್ಧತೆ, ತೇವಾಂಶ, ಸೂಕ್ಷ್ಮಜೀವಿಗಳ ಎಣಿಕೆ, ಭಾರಲೋಹ ಇಷ್ಟು ನೋಡಿಸಿದರೆ ಸಾಕು. ಎರಡೂ ವರದಿ ಹತ್ತಿರ ಹತ್ತಿರ ಬಂದರೆ ಸಾಲದ ಮಾತು ಆಡಬಹುದು. ಅಲ್ಲಿಯವರೆಗೆ ಜಾಗದ ಪತ್ರ ಅಡವಿಡಬೇಡಿ.

— ಸಂಪಾದಕ