ಪರಿವೀಕ್ಷಕರು ತರಗತಿಯಲ್ಲಿ ನೋಡುವುದೇನು?

ಪ್ರಶ್ನೆ: ನಾನು ಗಣಿತ ಶಿಕ್ಷಕಿಯಾಗಿ ಸೇರಿ ಎರಡು ವರ್ಷಗಳಾದವು. ಮುಂದಿನ ತಿಂಗಳು ನಮ್ಮ ಶಾಲೆಯ ತಪಾಸಣೆ ಇದೆ. ಚಾರ್ಟು, ಮಾದರಿಗಳನ್ನೆಲ್ಲ ಸಿದ್ಧಪಡಿಸಿ, ಒಂದು ಪಾಠವನ್ನು ಮಕ್ಕಳಿಗೆ ಮೊದಲೇ ಮಾಡಿಸಿಟ್ಟಿರಬೇಕೆಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಪರಿವೀಕ್ಷಕರು ನಿಜವಾಗಿ ಏನನ್ನು ನೋಡುತ್ತಾರೆ?

ಉತ್ತರ: ಮೊದಲೇ ಮಾಡಿಸಿಟ್ಟ ಪಾಠವನ್ನು ಗುರುತಿಸುವುದು ಅನುಭವಿ ಪರಿವೀಕ್ಷಕರಿಗೆ ಕಷ್ಟವಲ್ಲ. ಪ್ರಶ್ನೆ ಮುಗಿಯುವ ಮುನ್ನವೇ ಕೈಗಳು ಮೇಲೇಳುತ್ತವೆ, ಒಬ್ಬರೂ ತಪ್ಪುವುದಿಲ್ಲ, ಯಾರಿಗೂ ಸಂದೇಹ ಬರುವುದಿಲ್ಲ. ಹೊಸತನ್ನು ಕಲಿಯುತ್ತಿರುವ ಯಾವ ತರಗತಿಯೂ ಹಾಗಿರುವುದಿಲ್ಲ. ಆ ಸಲಹೆಯನ್ನು ಬಿಟ್ಟುಬಿಡಿ. ಚಾರ್ಟುಗಳು ಪಾಠಕ್ಕೆ ಬೇಕಾದರೆ ಇರಲಿ, ಗೋಡೆ ತುಂಬಿಸುವುದಕ್ಕಾಗಿ ಬೇಡ.

ಒಳಗೆ ಬಂದು ಕುಳಿತ ಪರಿವೀಕ್ಷಕರ ಗಮನ ನಿಮಗಿಂತ ಹೆಚ್ಚಾಗಿ ಮಕ್ಕಳ ಮೇಲಿರುತ್ತದೆ. ಈ ದಿನ ಏನನ್ನು ಕಲಿಯುತ್ತಿದ್ದೇವೆಂಬುದು ಮಕ್ಕಳಿಗೆ ತಿಳಿದಿದೆಯೇ, ಹಿಂದೆ ಕಲಿತದ್ದಕ್ಕೂ ಇದಕ್ಕೂ ಕೊಂಡಿ ಇದೆಯೇ, ಪ್ರಶ್ನೆಗಳು ಮುಂದಿನ ಸಾಲಿನ ನಾಲ್ಕೈದು ಜಾಣರ ನಡುವೆಯೇ ಸುತ್ತುತ್ತಿವೆಯೇ, ಮಾತಾಡದೆ ಕುಳಿತ ಮಗುವಿಗೆ ಪಾಠ ಅರ್ಥವಾಗಿದೆಯೋ ಇಲ್ಲವೋ ಎಂದು ಶಿಕ್ಷಕರು ಹೇಗೆ ತಿಳಿದುಕೊಳ್ಳುತ್ತಾರೆ ಎಂಬುದನ್ನೆಲ್ಲ ಅವರು ಗಮನಿಸುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಹೆಚ್ಚಿನ ಸಂಗತಿ ತಿಳಿಯುವುದು ತಪ್ಪು ಉತ್ತರ ಬಂದ ಗಳಿಗೆಯಲ್ಲಿ. ವಿದ್ಯಾರ್ಥಿಯೊಬ್ಬ 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದನೆಂದುಕೊಳ್ಳಿ. ‘ತಪ್ಪು, ಪಕ್ಕದವರು ಹೇಳಿ’ ಎಂದರೆ ಸರಿಯುತ್ತರ ಸಿಗಬಹುದು, ಆದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಬೇಕೆಂಬ ಅವನ ತಿಳಿವಳಿಕೆ ಹಾಗೆಯೇ ಉಳಿಯುತ್ತದೆ. ಅದೇ ತಪ್ಪು ಮಾಡಿದ ಇನ್ನಷ್ಟು ಮಕ್ಕಳು ಸದ್ದಿಲ್ಲದೆ ಅಳಿಸಿ ಬರೆದುಕೊಳ್ಳುತ್ತಾರೆ. ‘ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ದೇವಲ್ಲ, ಬಂದ 2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ?’ ಎಂದು ಕೇಳಿ ಸುಮ್ಮನಾಗುವ ಶಿಕ್ಷಕಿಯ ತರಗತಿಯಲ್ಲಿ ಆ ತಪ್ಪೇ ಪಾಠವಾಗುತ್ತದೆ. ಇಂಥ ಪ್ರಶ್ನೆ ಹೊಳೆಯಬೇಕಾದರೆ ವಿಷಯದ ಮೇಲೆ ಹಿಡಿತವಿರಬೇಕು, ಮಕ್ಕಳು ಎಲ್ಲಿ ಎಡವುತ್ತಾರೆಂಬುದೂ ಗೊತ್ತಿರಬೇಕು. ಪರಿವೀಕ್ಷಕರು ಅಳೆಯಲು ಬಯಸುವುದೂ ಅದನ್ನೇ.

ಕೇಳಿದ ಮೇಲೆ ಸುಮ್ಮನಿರುವುದು ಎಷ್ಟು ಕಷ್ಟವೆಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ದೀರ್ಘವಾದವು, ಬಾಯಿ ಬಿಡದ ಮಕ್ಕಳೂ ಮಾತಾಡತೊಡಗಿದರು.

ನೋಟ್‌ಬುಕ್ಕುಗಳನ್ನೂ ಪರಿವೀಕ್ಷಕರು ತಿರುವಿ ನೋಡುತ್ತಾರೆ. ಪುಟಪುಟಕ್ಕೂ ಕೆಂಪು ಶಾಯಿಯ ಸಹಿ ಇದ್ದ ಮಾತ್ರಕ್ಕೆ ಏನೂ ಆಗದು. ಜೂನ್ ತಿಂಗಳಿನ ತಪ್ಪು ಸೆಪ್ಟೆಂಬರಿನಲ್ಲೂ ಹಾಗೆಯೇ ಇದೆಯೇ ಎಂಬುದು ಮುಖ್ಯ. ಒಂದು ಪಾಠ ನೋಡಿ ಶಿಕ್ಷಕರನ್ನು ಅಳೆಯುವುದು ಸರಿಯಲ್ಲವೆಂಬ ಅರಿವು ಈಗ ತಪಾಸಣಾ ವ್ಯವಸ್ಥೆಗಳಲ್ಲೂ ಮೂಡಿದೆ. ಇಂಗ್ಲೆಂಡಿನ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್ ಬಿಡಿ ಪಾಠಗಳಿಗೆ ದರ್ಜೆ ಕೊಡುವ ಪದ್ಧತಿಯನ್ನು 2014ರಲ್ಲಿ ಕೈಬಿಟ್ಟಿತು. ಇಂಥದೇ ಬೋಧನಾ ಶೈಲಿ ಇರಬೇಕೆಂದು ಅದು ಕೇಳುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ನೋಡುವ ಬದಲು ಪರಿವೀಕ್ಷಕರೇ ಮಕ್ಕಳಿಗೆ ಪರೀಕ್ಷೆ ಕೊಟ್ಟು, ಅಂಕಗಳ ಮೇಲೆ ಶಿಕ್ಷಕರ ಯೋಗ್ಯತೆಯನ್ನು ನಿರ್ಧರಿಸಬಾರದೇಕೆ? (ಪೋಷಕರೊಬ್ಬರು)

ಉತ್ತರ: ಇಂಗ್ಲೆಂಡಿನಲ್ಲಿ ಅದನ್ನು ಮಾಡಿ ನೋಡಿದ್ದಾರೆ. 1862ರ ನಿಯಮಾವಳಿಯ ಪ್ರಕಾರ ಪರಿವೀಕ್ಷಕರು ಮಕ್ಕಳ ಓದು, ಬರಹ, ಲೆಕ್ಕಗಳನ್ನು ಪರೀಕ್ಷಿಸುತ್ತಿದ್ದರು, ಶಾಲೆಯ ಅನುದಾನದ ಬಹುಭಾಗ ಆ ಫಲಿತಾಂಶವನ್ನು ಅವಲಂಬಿಸಿತ್ತು. ಪರೀಕ್ಷೆಗೆ ಇಲ್ಲದ ವಿಷಯಗಳು ಸೊರಗಿದವು, ಓದಿನ ಪುಸ್ತಕವನ್ನು ಮಕ್ಕಳು ಬಾಯಿಪಾಠ ಮಾಡತೊಡಗಿದರು. ಕವಿಯೂ 1851ರಿಂದ ಶಾಲಾ ಪರಿವೀಕ್ಷಕರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನು ಬಲವಾಗಿ ವಿರೋಧಿಸಿದರು. ಓದಲು, ಬರೆಯಲು, ಲೆಕ್ಕ ಮಾಡಲು ನಿಜವಾಗಿ ಬಾರದ ಮಕ್ಕಳನ್ನೂ ಜಾಣತನದ ತಯಾರಿಯಿಂದ ಈ ಪರೀಕ್ಷೆಯಲ್ಲಿ ದಾಟಿಸಬಹುದೆಂದು ಅವರು ತಮ್ಮ ವರದಿಯಲ್ಲಿ ಬರೆದರು.