ಎಸಿ ಇಲ್ಲದ ರೂಮು, ಓವರ್‌ಕ್ಲಾಕ್ ಆಸೆ: ಹಳೇ 3080 ತಗೊಳ್ಳಲೋ, ಹೊಸ 4070 ತಗೊಳ್ಳಲೋ?

ಕಲಬುರಗಿಯಲ್ಲಿದ್ದೀರಿ, ರೂಮಿಗೆ ಎಸಿ ಇಲ್ಲ, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ ತಂದು ಓವರ್‌ಕ್ಲಾಕ್ (ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವುದು) ಮಾಡಲಾ, ಇಲ್ಲ 4070 ತಗೊಳ್ಳಲಾ ಅಂತ ಕೇಳಿದ್ದೀರಿ. ನಾನು ರಾಯಚೂರಿನವನು, ಮೂರು ಬೇಸಿಗೆ 3080 ಇಟ್ಟುಕೊಂಡು ಬೆವರಿದ್ದೇನೆ. 4070 ತಗೊಳ್ಳಿ.

ಗೇಮ್‌ನಲ್ಲಿ ಎರಡರ ವೇಗವೂ ಹೆಚ್ಚುಕಮ್ಮಿ ಒಂದೇ. ಆದರೆ 3080ಗೆ 320 ವಾಟ್ ಬೇಕು, 4070ಗೆ 200 ಸಾಕು. ಆ ಹೆಚ್ಚುವರಿ 120 ವಾಟ್ ಕೂಡ ಬಿಸಿಯಾಗಿ ನಿಮ್ಮ ರೂಮಿಗೇ ಬರುತ್ತದೆ. ಕೂಲರ್ ಎಷ್ಟೇ ದೊಡ್ಡದಿರಲಿ, ನೀರಿನದ್ದೇ ಇರಲಿ, ಬಿಸಿಯನ್ನು ಚಿಪ್‌ನಿಂದ ಗಾಳಿಗೆ ದಾಟಿಸುವುದಷ್ಟೇ ಅದರ ಕೆಲಸ. ರಿವ್ಯೂ ಮಾಡುವವರು 23 ಡಿಗ್ರಿ ರೂಮಿನಲ್ಲಿ ಕೂತು ಕಾರ್ಡ್ 65 ಡಿಗ್ರಿಗೆ ಬಂತು ಅಂದರೆ, ನಿಮ್ಮ 38 ಡಿಗ್ರಿ ರೂಮಿನಲ್ಲಿ ಅದು ಸುಮಾರು 80 ಅಂತ ಓದಿಕೊಳ್ಳಿ. ನಮ್ಮೂರಿಗೆ ಶಕ್ತಿನಗರದ ಥರ್ಮಲ್ ಪ್ಲಾಂಟ್ ಒಂದೇ ಸಾಕು, ಮನೆಯೊಳಗೆ ಇನ್ನೊಂದು ಬೇಡ.

ಇನ್ನೊಂದು ವಿಷಯ. ಈ ಕಾರ್ಡ್‌ಗಳು ಬಿಸಿ ಏರಿದಂತೆ ತಾವಾಗಿಯೇ ಒಂದೊಂದು ಸಲಕ್ಕೆ 15 ಮೆಗಾಹರ್ಟ್ಸ್ ಲೆಕ್ಕದಲ್ಲಿ ಕ್ಲಾಕ್ (ಚಿಪ್ ಓಡುವ ವೇಗ) ಇಳಿಸುತ್ತಾ ಬರುತ್ತವೆ. ಅಂದರೆ ತಂಪಾಗಿದ್ದರೆ ಅರ್ಧ ಓವರ್‌ಕ್ಲಾಕ್ ಆದಂತೆಯೇ. ಬಾಕ್ಸ್ ಮೇಲಿನ "ಓಸಿ" (ಓವರ್‌ಕ್ಲಾಕ್) ನೋಡಿ ಜಾಸ್ತಿ ದುಡ್ಡು ಕೊಡಬೇಡಿ, ಚಿಪ್ ಅದೇ. ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ಎಷ್ಟು ದಪ್ಪ ಇದೆ, ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ವಾಟ್ ಮಿತಿ) ಎಷ್ಟರವರೆಗೆ ಏರಿಸಬಹುದು, ನಿಮ್ಮ ಕ್ಯಾಬಿನೆಟ್‌ನಲ್ಲಿ ಹಿಡಿಸುತ್ತಾ, ಇಷ್ಟು ನೋಡಿ.

ಹಳೇ 3080ಯ ನಿಜವಾದ ತಲೆನೋವು ಮೆಮೊರಿ. ನನ್ನದನ್ನು ತಂದ ದಿನ ಕೋರ್ (ಮುಖ್ಯ ಚಿಪ್) 72 ಡಿಗ್ರಿ ತೋರಿಸುತ್ತಿತ್ತು, ಖುಷಿಪಟ್ಟೆ. ಎಚ್‌ಡಬ್ಲ್ಯೂಇನ್ಫೋ ಅನ್ನೋ ಬಿಸಿ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿದರೆ ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್‌ನೊಳಗಿನ ಬಿಸಿ) 108! 110ಕ್ಕೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬಿಚ್ಚಿದೆ. ಮೆಮೊರಿಯ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪ್ಯಾಡ್‌ಗಳು ಒಣಗಿ ಹಪ್ಪಳದ ಥರ ಮುರಿಯುತ್ತಿದ್ದವು, ಸುತ್ತ ಎಣ್ಣೆ ಜಿಡ್ಡು. ದಪ್ಪ ಇದ್ದರೆ ಒಳ್ಳೆಯದು ಅಂದುಕೊಂಡು ಅಳತೆ ನೋಡದೆ ದಪ್ಪ ಪ್ಯಾಡ್ ಹಾಕಿಬಿಟ್ಟೆ. ಮೆಮೊರಿ ತಣ್ಣಗಾಯಿತು, ಆದರೆ ಹೀಟ್‌ಸಿಂಕ್ ಮೇಲೆದ್ದು ಚಿಪ್‌ಗೆ ಸರಿಯಾಗಿ ತಾಗಲಿಲ್ಲ. ಕೋರ್ 78, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) 104. ಇವೆರಡರ ನಡುವೆ 10–15 ಡಿಗ್ರಿ ಅಂತರ ಸಹಜ, 25 ದಾಟಿದರೆ ಚಿಪ್ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್‌ನಲ್ಲಿ ಅಥವಾ ಹೀಟ್‌ಸಿಂಕ್ ಕೂರಿಸಿದ್ದರಲ್ಲಿ ತಪ್ಪಿದೆ ಅಂತಲೇ ಅರ್ಥ. ಮತ್ತೆ ಬಿಚ್ಚಿ, ಸರಿ ಅಳತೆಯ ಪ್ಯಾಡ್ ತರಿಸಿ ಹಾಕಿದ ಮೇಲೆ ಮೆಮೊರಿ 90ರ ಒಳಗೆ ಬಂತು. ಒಂದು ಭಾನುವಾರ ಪೂರ್ತಿ ಹೋಯಿತು.

ಯಾವ ಕಾರ್ಡ್ ತಂದರೂ ಮೊದಲು ಕಾರ್ಡ್ ಹೊಂದಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ, ಕರ್ವ್ (ಯಾವ ವೋಲ್ಟೇಜ್‌ಗೆ ಎಷ್ಟು ವೇಗ ಅನ್ನುವ ಗ್ರಾಫ್) ತೆರೆದು ವೋಲ್ಟೇಜ್ ಇಳಿಸಿ. ಓವರ್‌ಕ್ಲಾಕ್ ಮಾಡೋಕೆ ಹೊರಟು ವೋಲ್ಟೇಜ್ ಇಳಿಸೋದಾ ಅಂತ ನಗಬಹುದು. ನನ್ನ ಕಾರ್ಡ್ 0.850 ವೋಲ್ಟ್‌ನಲ್ಲಿ 1830 ಮೆಗಾಹರ್ಟ್ಸ್ ನಿಂತಿತು, ಪವರ್ 260 ವಾಟ್ ಆಸುಪಾಸಿಗೆ ಇಳಿಯಿತು, ಫ್ಯಾನ್ ಸದ್ದೂ ಕಮ್ಮಿ ಆಯಿತು. ನಿಮ್ಮ ಚಿಪ್‌ಗೆ ಬೇರೆ ಲೆಕ್ಕ ಬರುತ್ತದೆ, ವೇಗವನ್ನು ಸ್ವಲ್ಪ ಸ್ವಲ್ಪ ಏರಿಸಿ, ಪ್ರತಿ ಸಲ ನೀವು ಆಡುವ ಗೇಮನ್ನೇ ಅರ್ಧ ಗಂಟೆ ಓಡಿಸಿ. ಮೆಮೊರಿಯ ವೇಗ ಏರಿಸುವಾಗ ಹುಷಾರು. 3080ಯಲ್ಲೂ ಹೆಚ್ಚಿನ 4070ಗಳಲ್ಲೂ ಇರುವ ಜಿಡಿಡಿಆರ್6ಎಕ್ಸ್ ಮೆಮೊರಿ, ತಪ್ಪಾದರೆ ಸುಮ್ನೆ ಅದೇ ಡೇಟಾವನ್ನು ಮತ್ತೆ ಕಳಿಸುತ್ತದೆ. ಗೇಮ್ ಕೂಡಲೇ ಕ್ರ್ಯಾಶ್ ಆಗಲ್ಲ, ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳ ಸಂಖ್ಯೆ) ಕುಸಿಯುತ್ತದೆ. ಎಫ್‌ಪಿಎಸ್ ಇಳಿಯಲು ಶುರುವಾದ ಕಡೆಯಿಂದ ಎರಡು ಹೆಜ್ಜೆ ಹಿಂದೆ ಬನ್ನಿ.

ಹೊಸ ಫ್ಯಾನ್ ಕೊಳ್ಳುವ ಮೊದಲು ಕ್ಯಾಬಿನೆಟ್‌ನ ಸೈಡ್ ಪ್ಯಾನೆಲ್ ತೆಗೆದು ಅದೇ ಗೇಮ್ ಆಡಿ. ಐದಾರು ಡಿಗ್ರಿ ಇಳಿದರೆ ತಪ್ಪು ಕ್ಯಾಬಿನೆಟ್‌ದು, ಮುಂದೆ ಎರಡು ಫ್ಯಾನ್ ಗಾಳಿ ಎಳೆಯುವ ಹಾಗೆ ಹಾಕಿ. ಏನೂ ಇಳಿಯದಿದ್ದರೆ ಆ ದುಡ್ಡು ಉಳಿಸಿ, ರೂಮಿಗೊಂದು ಎಕ್ಸಾಸ್ಟ್ ಫ್ಯಾನ್ ತನ್ನಿ.